ರಕ್ತಪರೀಕ್ಷೆ ನಾರ್ಮಲ್ ಬಂದರೆ ಆರ್ಸೆನಿಕ್ ಇಲ್ಲವೆಂದೇ?

ಪ್ರಶ್ನೆ: ತಂದೆಗೆ 58 ವರ್ಷ. ಸುರಪುರ ತಾಲ್ಲೂಕಿನ ನಮ್ಮೂರಿನಲ್ಲಿ ಹದಿನೈದು ವರ್ಷ ಒಂದೇ ಬೋರ್‌ವೆಲ್ ನೀರು ಕುಡಿದವರು. ಆರು ತಿಂಗಳಿಂದ ಪೇಟೆಯಲ್ಲಿ ನಮ್ಮ ಜೊತೆಗಿದ್ದಾರೆ. ಅಂಗೈ, ಅಂಗಾಲಲ್ಲಿ ಆಣಿಯಂಥ ಗಂಟುಗಳೆದ್ದಿವೆ, ಎದೆ ಮೇಲೆ ಚುಕ್ಕೆಗಳಿವೆ. ರಕ್ತದಲ್ಲಿ ಆರ್ಸೆನಿಕ್ (ಬೋರ್‌ವೆಲ್ ನೀರಿನಲ್ಲಿ ಬೆರೆತಿರಬಹುದಾದ ವಿಷಧಾತು) ನಾರ್ಮಲ್ ಎಂದು ವರದಿ ಬಂದಿದೆ. ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಆ ವರದಿ ನಂಬಿ ಕೂರಬೇಡಿ. ಆರ್ಸೆನಿಕ್ ರಕ್ತದಿಂದ ಗಂಟೆಗಳಲ್ಲಿ, ಮೂತ್ರದಿಂದ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತದೆ. ಆರು ತಿಂಗಳ ಹಿಂದೆ ಬಿಟ್ಟ ನೀರಿನ ಸುಳಿವು ಈಗ ಎರಡರಲ್ಲೂ ಸಿಗದು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಕಟಿಂಗ್ ಮಾಡಿಸಿಕೊಳ್ಳುವವರ ತಲೆಯಲ್ಲಿ ಆ ಕಾಲದ ಕೂದಲು ಉಳಿದಿರುವುದಿಲ್ಲ. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಬೆಳೆಯಲು ವರ್ಷಕ್ಕೂ ಮೇಲಾಗುವುದರಿಂದ ಅದರ ತುದಿಯಲ್ಲಿ ಊರಿನ ನೀರಿನ ಗುರುತು ಇನ್ನೂ ಇದ್ದೀತು. ಸೋಪಿನಿಂದ ಚೆನ್ನಾಗಿ ತೊಳೆದು, ಕತ್ತರಿಸಿ, ಕಾಗದದ ಕವರಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕೊಡಿ. ಹೊರಗಿನಿಂದ ಮೆತ್ತಿದ ಆರ್ಸೆನಿಕ್ ಪೂರ್ತಿ ತೊಳೆದುಹೋಗದು, ಆದ್ದರಿಂದ ಇದೊಂದನ್ನೇ ನೆಚ್ಚುವಂತಿಲ್ಲ.

ಮುಖ್ಯ ಸಾಕ್ಷಿ ಚರ್ಮವೇ. ದುಡಿದ ಕಾಲಿನ ಆಣಿ ಒತ್ತಡ ಬೀಳುವ ಕಡೆ ಮಾತ್ರ ಏಳುತ್ತದೆ. ಆರ್ಸೆನಿಕ್‌ನ ಗಂಟುಗಳು ಎರಡೂ ಅಂಗೈ, ಎರಡೂ ಅಂಗಾಲಲ್ಲಿ ಚದುರಿರುತ್ತವೆ, ಸವರಿದರೆ ಉಪ್ಪುಕಾಗದದಂತೆ ತರಿತರಿ. ಬಿಸಿಲಿನಿಂದಾದ ಕಪ್ಪು ಬಣ್ಣ ಮುಖ, ತೋಳಿನಲ್ಲಿರುತ್ತದೆ. ಆರ್ಸೆನಿಕ್‌ನದ್ದು ಬಟ್ಟೆಯೊಳಗಿನ ಎದೆ, ಬೆನ್ನಿನ ಮೇಲೂ. ಕಪ್ಪಾದ ಚರ್ಮದ ನಡುವೆ ಮಳೆಹನಿ ಬಿದ್ದಂತೆ ಬಿಳಿ ಚುಕ್ಕೆಗಳಿರುತ್ತವೆ. ಇದನ್ನು ಕುಷ್ಠವೆಂದು ಹೆದರುವವರುಂಟು. ಕುಷ್ಠದಲ್ಲಿ ಮಚ್ಚೆಯ ಜಾಗವೇ ಜೋಮುಗಟ್ಟುತ್ತದೆ. ಆರ್ಸೆನಿಕ್‌ನಲ್ಲಿ ಎರಡೂ ಪಾದಗಳು ಕಾಲುಚೀಲ ಹಾಕಿದಷ್ಟು ಭಾಗ ಜುಮುಗುಡುತ್ತವೆ.

ಬೋರ್‌ವೆಲ್ ನೀರನ್ನೂ ಪರೀಕ್ಷೆಗೆ ಕಳಿಸಿ. ಪಂಪ್ ಐದು ನಿಮಿಷ ಓಡಿಸಿದ ಮೇಲೆ ಶುದ್ಧವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ. ಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಕುಡಿಯಬಾರದು. ಕಾಯಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ನಿಮ್ಮ ತಾಲ್ಲೂಕಿನದೇ ಕಿರದಳ್ಳಿ ತಾಂಡಾದಲ್ಲಿ ಇದೇ ಲಕ್ಷಣಗಳು ಕಂಡಿದ್ದವು. ಆ ಭಾಗದ ಚಿನ್ನದ ಅದಿರಿರುವ ಬಂಡೆಗಳಲ್ಲೇ ಆರ್ಸೆನಿಕ್ ಇದೆ.

ಊರಲ್ಲಿ ಇಂದಿಗೂ ಆ ನೀರು ಕುಡಿಯುವವರಿಗೆ ಮೂತ್ರಪರೀಕ್ಷೆಯೇ ಸರಿ. ಲೀಟರಿಗೆ 50 ಮೈಕ್ರೋಗ್ರಾಂ ಮೀರಿದರೆ ಅನುಮಾನಿಸಬೇಕು. ಅದಕ್ಕೆ ನಾಲ್ಕು ದಿನ ಮೊದಲೇ ಮೀನು, ಸಿಗಡಿ ಬಿಡಲಿ. ಅವುಗಳಲ್ಲಿನ ನಿರಪಾಯಕಾರಿ ಆರ್ಸೆನಿಕ್ ಕೂಡ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ.

ತಂದೆಯವರನ್ನು ಚರ್ಮರೋಗ ತಜ್ಞರಿಗೆ ತೋರಿಸಿ, ನೀರಿನ ಇತಿಹಾಸ ತಪ್ಪದೆ ಹೇಳಿ. ಯಾವುದೇ ಗಂಟು ಬಿರಿದು ರಕ್ತ ಒಸರಿದರೆ, ಹುಣ್ಣು ಮಾಯದಿದ್ದರೆ ಬಯಾಪ್ಸಿ (ಚರ್ಮದ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿಸಬೇಕು. ನೀರು ಬಿಟ್ಟು ವರ್ಷಗಳಾದ ಮೇಲೂ ಚರ್ಮದ ಕ್ಯಾನ್ಸರ್ ಬರಬಹುದು. ಬೀಡಿ ಸೇದುವವರಾದರೆ ಬಿಡಿಸಿ, ಆರ್ಸೆನಿಕ್‌ನಿಂದ ಶ್ವಾಸಕೋಶಕ್ಕಿರುವ ಕ್ಯಾನ್ಸರ್ ಅಪಾಯವನ್ನು ಅದು ಇನ್ನಷ್ಟು ಹೆಚ್ಚಿಸುತ್ತದೆ.