ಹಳೇ ಜಿಟಿ3 ತಗೊಳ್ಳಲಾ, ಹೊಸ ಕ್ಯಾರೆರಾ ಸಾಕಾ?

ಪ್ರಶ್ನೆ: ಸರ್, ಪೋರ್ಷೆ 911 ಕೊಳ್ಳುವ ಆಸೆ. ಅದರದೇ ರೇಸ್ ಟ್ರ್ಯಾಕ್ ಗುಣದ ಮಾದರಿ, 2007ರ ಜಿಟಿ3 ಒಂದನ್ನು ನೋಡಿಟ್ಟಿದ್ದೇನೆ. ಮನೆಯವರು 2017ರ ಬೇಸ್ ಮಾಡೆಲ್ ಕ್ಯಾರೆರಾ ತಗೋ ಅಂತಾರೆ. ಕಾರು ದಿನಾ ಆಫೀಸಿಗೂ ಬೇಕು. ಯಾವುದು ಸರಿ?

ಉತ್ತರ: ದಿನಾ ಆಫೀಸಿಗೆ ಅಂದಿರಲ್ಲ, ಅಲ್ಲೇ ಉತ್ತರ ಸಿಕ್ಕಿತು. ಕ್ಯಾರೆರಾ ತಗೊಳ್ಳಿ.

ಲೆಕ್ಕದಲ್ಲಿ ಜಿಟಿ3 ಮುಂದಿದೆ: 415 ಅಶ್ವಶಕ್ತಿ, ಕ್ಯಾರೆರಾದ್ದು 370. ಆದರೆ ಜಿಟಿ3 ಎಂಜಿನ್‌ಗೆ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲ. ಅದರ ಮಜಾ ಇರೋದು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸೂಜಿ 7,000 ದಾಟಿದ ಮೇಲೆ. ಟ್ರಾಫಿಕ್‌ನಲ್ಲಿ ಅಷ್ಟು ಎಲ್ಲಿ ಒತ್ತುತ್ತೀರಿ? ಕ್ಯಾರೆರಾದ ಎರಡು ಟರ್ಬೊಗಳು 1,700 ಆರ್‌ಪಿಎಂಗೇ 450 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಕೊಡುತ್ತವೆ. ಜಿಟಿ3ಯಲ್ಲಿ ಹಿಂದಿನ ಸೀಟೂ ಇಲ್ಲ, ಆಟೊಮ್ಯಾಟಿಕ್ಕೂ ಇಲ್ಲ.

ಇಷ್ಟಾದರೂ ಮನಸ್ಸು ಅತ್ತಲೇ ಎಳೆಯುತ್ತದೆ ಅನ್ನಿ. (ನನಗೂ ಎಳೆಯುತ್ತದೆ, ಆ ಗೇರ್ ಹಾಕುವ ಸುಖವೇ ಬೇರೆ.) ಆಗ ಮೊದಲು ಎಂಜಿನ್ ಕಂಪ್ಯೂಟರಿನ ಓವರ್‌ರೆವ್ ದಾಖಲೆ ತೆಗೆಸಿ. ಯಾರಾದರೂ ತಪ್ಪಿ ಕೆಳಗಿನ ಗೇರ್ ಹಾಕಿ ಎಂಜಿನ್ ಮಿತಿ ಮೀರಿ ತಿರುಗಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಟೈರಿನ ಪಕ್ಕದ ನಾಲ್ಕಂಕಿ ಓದಿ: 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಜಾಸ್ತಿ ಓಡದ ಕಾರಿನಲ್ಲಿ ಟೈರು ಸವೆದೇ ಇರುವುದಿಲ್ಲ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ. ಸೆರಾಮಿಕ್ ಬ್ರೇಕ್ ಇದ್ದರೆ ಡಿಸ್ಕಿನ ಅಂಚಲ್ಲಿ ಚಕ್ಕೆ ಎದ್ದಿದೆಯಾ ನೋಡಿ. ಬದಲಾಯಿಸುವ ಖರ್ಚು ಕೇಳಿದರೆ ತಲೆ ತಿರುಗುತ್ತದೆ. ದಾಖಲೆ ತೋರಿಸಲು ಮಾಲೀಕರು ಹಿಂದೆಮುಂದೆ ನೋಡಿದರೆ ಚೌಕಾಸಿ ಮಾಡಬೇಡಿ, ಸುಮ್ನೆ ವಾಪಸ್ ಬನ್ನಿ.