ಶಾಲೆಗೆ ಹೋಗುವ ಚಿಕ್ಕ ಮಕ್ಕಳಲ್ಲಿ ಮೆಳ್ಳೆಗಣ್ಣು ಎಷ್ಟು ಸಾಮಾನ್ಯ?

ಆರು ವರ್ಷದ ನಿಮ್ಮ ಮಗಳ ಒಂದು ಕಣ್ಣು ಆಗಾಗ ಹೊರಗಡೆಗೆ ಸರಿಯುತ್ತದೆ ಎಂದು ಶಿಕ್ಷಕಿ ತಿಳಿಸಿದ್ದಾರೆ, ಆದರೆ ಮನೆಯಲ್ಲಿ ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಈ ವಯಸ್ಸಿನಲ್ಲಿ ಇದು ಎಷ್ಟು ಮಕ್ಕಳಿಗಿರುತ್ತದೆ ಎಂದು ಕೇಳಿದ್ದೀರಿ. ಶಾಲಾ ಮಕ್ಕಳ ಕಣ್ಣಿನ ತಪಾಸಣೆ ನನ್ನ ವೃತ್ತಿ. ಈ ಪ್ರಶ್ನೆಯನ್ನು ಪೋಷಕರು ನನ್ನಲ್ಲಿ ಮತ್ತೆ ಮತ್ತೆ ಕೇಳುತ್ತಿರುತ್ತಾರೆ.

ಸ್ಥೂಲವಾಗಿ ಹೇಳುವುದಾದರೆ ನೂರು ಮಕ್ಕಳಲ್ಲಿ ಎರಡು ಅಥವಾ ಮೂರು ಮಕ್ಕಳಿಗೆ ಮೆಳ್ಳೆಗಣ್ಣು ಇರುತ್ತದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ, ಹೆಚ್ಚಿನವರು ಆರು ವರ್ಷದವರೇ ಆಗಿದ್ದ 1,700ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದಾಗ ಶೇ. 2.8ರಷ್ಟು ಮಕ್ಕಳಲ್ಲಿ ಅದು ಕಂಡುಬಂದಿತ್ತು. ಇಂಗ್ಲೆಂಡಿನಲ್ಲಿ ಏಳು ವರ್ಷದ ಮಕ್ಕಳ ಒಂದು ದೊಡ್ಡ ಅಧ್ಯಯನದಲ್ಲಿ ಈ ಪ್ರಮಾಣ ಶೇ. 2.3, ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ 2003ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ. 1.28 ಎಂದು ದಾಖಲಾಗಿದೆ. ನಲವತ್ತು ಮಕ್ಕಳ ತರಗತಿಯಲ್ಲಿ ಸರಾಸರಿ ಒಂದು ಮಗುವಿಗಾದರೂ ಇದು ಇರುತ್ತದೆ ಎಂದು ಎಣಿಸಿದರೆ ತಪ್ಪಾಗಲಾರದು.

ಈ ಅಂಕಿಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಕಾರಣಗಳಿವೆ. ಯುರೋಪ್ ಮೂಲದ ಮಕ್ಕಳಲ್ಲಿ ಕಣ್ಣು ಮೂಗಿನ ಕಡೆಗೆ ತಿರುಗುವುದು ಹೆಚ್ಚಾದರೆ, ಪೂರ್ವ ಏಷ್ಯಾದ ಮಕ್ಕಳಲ್ಲಿ ಹೊರಕ್ಕೆ ಸರಿಯುವುದೇ ಹೆಚ್ಚು. ಅವಧಿಗೆ ಮೊದಲೇ ಹುಟ್ಟಿದ, ಹುಟ್ಟುವಾಗ ತೂಕ ಕಡಿಮೆಯಿದ್ದ, ಅಥವಾ ತಂದೆ ತಾಯಿ, ಒಡಹುಟ್ಟಿದವರಲ್ಲಿ ಮೆಳ್ಳೆಗಣ್ಣು ಇರುವ ಮಕ್ಕಳಲ್ಲಿ ಸಂಭವ ಹೆಚ್ಚು. ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸವನ್ನು ಉಂಟುಮಾಡುವುದು ಪರೀಕ್ಷೆಯ ವಿಧಾನ. ಮಗುವಿನ ಮುಖ ನೋಡಿ, ಅಕ್ಷರದ ಫಲಕ ಓದಿಸಿ ಕಳುಹಿಸಿದರೆ, ಆಗೊಮ್ಮೆ ಈಗೊಮ್ಮೆ ಮಾತ್ರ ಸರಿಯುವ ಕಣ್ಣು ಲೆಕ್ಕಕ್ಕೇ ಸಿಗುವುದಿಲ್ಲ.

ನಿಮ್ಮ ಮಗಳ ವಿಷಯದಲ್ಲಿಯೂ ಹೀಗೆಯೇ ಆಗಿರಬಹುದು. ಹೊರಕ್ಕೆ ಸರಿಯುವ ಕಣ್ಣು ಮಗು ಉಲ್ಲಾಸದಿಂದಿರುವಾಗ, ಹತ್ತಿರದ ವಸ್ತುವನ್ನು ನೋಡುತ್ತಿರುವಾಗ ನೇರವಾಗಿಯೇ ಇದ್ದು, ದಣಿದಾಗ, ಜ್ವರ ಬಂದಾಗ, ಅಥವಾ ದೂರದ ಕಪ್ಪುಹಲಗೆಯನ್ನು ನೋಡುತ್ತಾ ಗಮನ ಬೇರೆಡೆಗೆ ಹೋದಾಗ ಜಾರುತ್ತದೆ. ಆದ್ದರಿಂದ ಮನೆಯವರಿಗಿಂತ ಮೊದಲು ಶಿಕ್ಷಕರಿಗೆ ಅದು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಬಿಸಿಲಿಗೆ ಹೋದೊಡನೆ ಒಂದು ಕಣ್ಣನ್ನು ಮಾತ್ರ ಮುಚ್ಚಿಕೊಳ್ಳುತ್ತಾಳೆಯೇ ಎಂಬುದನ್ನು ದಯವಿಟ್ಟು ಗಮನಿಸಿ.

ಇದನ್ನು ಪತ್ತೆಹಚ್ಚುವ ಪರೀಕ್ಷೆ ಬಹಳ ಸರಳ. ದೂರದಲ್ಲಿರುವ ಒಂದು ಚಿಕ್ಕ ಚಿತ್ರವನ್ನು ನೋಡುತ್ತಿರುವಂತೆ ಮಗುವಿಗೆ ಹೇಳಿ ನಾನು ಅದರ ಒಂದು ಕಣ್ಣನ್ನು ಮುಚ್ಚುತ್ತೇನೆ. ಆ ಕ್ಷಣದಲ್ಲಿ ನೋಡಬೇಕಾದದ್ದು ತೆರೆದಿರುವ ಇನ್ನೊಂದು ಕಣ್ಣನ್ನು: ಅದು ಚಿತ್ರವನ್ನು ಹಿಡಿಯಲು ಸ್ವಲ್ಪವಾದರೂ ಹೊರಳಿದರೆ, ಅಲ್ಲಿಯವರೆಗೆ ಅದು ಬೇರೆಡೆಗೆ ತಿರುಗಿತ್ತೆಂದು ಅರ್ಥ. ಬಳಿಕ ಮುಚ್ಚುವುದನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ಹೋದರೆ, ಎರಡೂ ಕಣ್ಣು ಕೂಡಿ ನೋಡುವ ಹಿಡಿತ ಸಡಿಲವಾಗಿ, ಅಡಗಿದ್ದ ಓರೆ ಹೊರಬೀಳುತ್ತದೆ. ಬರಿಗಣ್ಣಿಗೆ ನೇರವಾಗಿಯೇ ಕಾಣುತ್ತಿದ್ದ ಎಷ್ಟೋ ಮಕ್ಕಳಲ್ಲಿ ಈ ಪುಟ್ಟ ಹೊರಳಾಟವನ್ನು ನೋಡಿದ್ದೇನೆ. ಇದಕ್ಕೆ ವಿರುದ್ಧವಾದುದೂ ಉಂಟು: ಮೂಗಿನ ಸೇತುವೆ ಅಗಲವಾಗಿದ್ದು ಒಳಮೂಲೆಯ ಚರ್ಮ ಬಿಳಿಗುಡ್ಡೆಯನ್ನು ಮರೆಮಾಡಿದಾಗ, ನೇರವಾಗಿರುವ ಕಣ್ಣೂ ಓರೆಯಾಗಿರುವಂತೆ ತೋರುತ್ತದೆ. ಟಾರ್ಚಿನ ಬೆಳಕಿನ ಚುಕ್ಕೆ ಎರಡೂ ಪಾಪೆಗಳಲ್ಲಿ ಒಂದೇ ಜಾಗದಲ್ಲಿ ಹೊಳೆದು, ಮೇಲಿನ ಪರೀಕ್ಷೆಯಲ್ಲಿ ಕಣ್ಣು ಹೊರಳದಿದ್ದರೆ ಅದು ಬರೀ ತೋರಿಕೆ.

ಹೀಗಾಗಿ, "ಸಾಮಾನ್ಯ" ಎಂಬ ಉತ್ತರ ಕೇಳಿ ಯಾರೂ ಸುಮ್ಮನಾಗಬಾರದೆಂಬುದು ನನ್ನ ಕಳಕಳಿ. ಓರೆಯಾದ ಕಣ್ಣಿನಿಂದ ಬರುವ ಚಿತ್ರವನ್ನು ಮಗುವಿನ ಮಿದುಳು ಕಡೆಗಣಿಸತೊಡಗಿದರೆ ಆ ಕಣ್ಣಿನ ದೃಷ್ಟಿ ಮಂದವಾಗುತ್ತದೆ. ಸದಾ ಒಂದೇ ಕಣ್ಣು ಓರೆಯಾಗಿರುವ ಮಕ್ಕಳಲ್ಲಿ ಈ ಅಪಾಯ ಹೆಚ್ಚು, ಆಗೊಮ್ಮೆ ಈಗೊಮ್ಮೆ ಸರಿಯುವವರಲ್ಲಿ ಕಡಿಮೆ. ಎರಡರಿಂದ ನಾಲ್ಕು ವರ್ಷದ ನಡುವೆ ಶುರುವಾಗುವ ಒಳಮುಖ ಮೆಳ್ಳೆಗಣ್ಣಿಗೆ ಹಲವೊಮ್ಮೆ ಹೆಚ್ಚಿನ ಪ್ಲಸ್ ಪವರ್ (ದೂರದೃಷ್ಟಿ ದೋಷ) ಕಾರಣವಾಗಿದ್ದು, ಸರಿಯಾದ ಕನ್ನಡಕದಿಂದಲೇ ಕಣ್ಣು ನೇರವಾಗುತ್ತದೆ. ದೃಷ್ಟಿ ಮಂದವಾಗಿದ್ದರೆ, ಮಂದವಾದ ಕಣ್ಣು ಕೆಲಸ ಮಾಡುವಂತೆ ಒಳ್ಳೆಯ ಕಣ್ಣನ್ನು ಮುಚ್ಚುವ ಪ್ಯಾಚ್ ಹಾಕುತ್ತಾರೆ. ಮಧ್ಯಮ ಪ್ರಮಾಣದ ತೊಂದರೆಗೆ ದಿನಕ್ಕೆ 2 ಗಂಟೆಯ ಪ್ಯಾಚ್ 6 ಗಂಟೆಯಷ್ಟೇ ಫಲ ಕೊಡುತ್ತದೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಏಳು ವರ್ಷ ದಾಟಿದ ಮಕ್ಕಳಲ್ಲಿಯೂ ಸುಧಾರಣೆ ಸಾಧ್ಯವಿದೆಯಾದರೂ, ಬೇಗ ಶುರುಮಾಡಿದಷ್ಟೂ ಲಾಭ ಹೆಚ್ಚು.

ಮಗಳನ್ನು ಮಕ್ಕಳ ಕಣ್ಣಿನ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ, ಹನಿ ಹಾಕಿ ಪವರ್ ನೋಡುವಂತೆಯೂ, ಹತ್ತಿರ ಮತ್ತು ದೂರ ಎರಡಕ್ಕೂ ಕಣ್ಣು ಮುಚ್ಚಿ ಪರೀಕ್ಷಿಸುವಂತೆಯೂ ಕೇಳಿ. ಅವಳು ದಣಿದಿದ್ದಾಗ ಫೋನಿನಲ್ಲಿ ತೆಗೆದ ಒಂದೆರಡು ಫೋಟೊಗಳಿದ್ದರೆ ವೈದ್ಯರಿಗೆ ತುಂಬ ಅನುಕೂಲ. ಓರೆ ಇದ್ದಕ್ಕಿದ್ದಂತೆ ಕಾಣಿಸಿಕೊಂಡು ಅದರೊಂದಿಗೆ ತಲೆನೋವು, ವಾಂತಿ ಅಥವಾ ಒಂದು ವಸ್ತು ಎರಡಾಗಿ ಕಾಣುವುದು ಇದ್ದರೆ, ಇಲ್ಲವೇ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ, ಮುಂಗಡ ಸಮಯ ಪಡೆಯಲೆಂದು ಕಾಯದೆ ಅದೇ ದಿನ ತೋರಿಸಿ.