ಖಜಾಂಚಿಗೆ ಮತ ಹಾಕುವುದೇಕೆ?

ಓದುಗರ ಪತ್ರ: ನಾನು ಖಜಾನೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಮಗಳು ಮತ್ತು ಅಳಿಯ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿದ್ದಾರೆ. ಮಗಳಿಗೆ ಅಲ್ಲಿನ ಪೌರತ್ವ ಸಿಕ್ಕಿದೆ. 2026ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಮತ ಹಾಕಲಿದ್ದಾಳೆ. ಗವರ್ನರ್ ಜೊತೆಗೆ ‘ರಾಜ್ಯ ಖಜಾಂಚಿ’ಗೂ ಮತ ಹಾಕಬೇಕಂತೆ. ಹಣ ಕಾಯುವವನು ಮತ ಕೇಳುತ್ತಾ ಊರೂರು ಸುತ್ತುವುದು ಎಂಥ ವ್ಯವಸ್ಥೆ? ಅವನ ಕೆಲಸವಾದರೂ ಏನು? ಕರ್ನಾಟಕದಲ್ಲಿಯೂ ಹೀಗೇ ಇರಬೇಕಿತ್ತು ಎಂದು ಅಳಿಯ ವಾದಿಸುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಮಾತು: ಅವರು ಮೊದಲು ಶಿಕಾಗೋದಲ್ಲಿದ್ದಾಗ ಕೊಟ್ಟಿದ್ದ ಬಾಡಿಗೆ ಮುಂಗಡ ಅಲ್ಲಿನ ಖಜಾಂಚಿಯ ಬಳಿ ಇದೆ, ಬಿಡಿಸಿಕೊಡಲು ಶುಲ್ಕ ಕೊಡಿ ಎಂದು ಯಾರೋ ಫೋನ್ ಮಾಡಿದ್ದಾರೆ. ನಂಬಬಹುದೇ?
– ಒಬ್ಬ ಓದುಗ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ಸರ್ಕಾರದ ಹಣ ಕಾಯುವ ಕೆಲಸವನ್ನು ಒಳಗಿನಿಂದ ಕಂಡವರು ನೀವು. ನಿಮ್ಮ ಪ್ರಶ್ನೆಗೆ ಎರಡು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಖಜಾಂಚಿಯನ್ನು ಜನರೇ ಆರಿಸುವುದು ಒಳ್ಳೆಯ ಪದ್ಧತಿ. ಚುನಾವಣೆಯಲ್ಲಿ ಗೆದ್ದವನು ಪ್ರಾಮಾಣಿಕನಾಗಿರುತ್ತಾನೆ ಎಂಬ ನಂಬಿಕೆಯಿಂದ ಹೀಗೆ ಹೇಳುತ್ತಿಲ್ಲ. ಹಣ ಕಾಯುವವನು ಹಣ ಖರ್ಚು ಮಾಡುವವನ ಕೈಕೆಳಗೆ ಇರಬಾರದು ಎಂಬುದಷ್ಟೇ ನನ್ನ ಕಾರಣ.

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಸಮ. ರಾಜ್ಯದ ಆಡಳಿತ ನಡೆಸುವುದು, ಬಜೆಟ್ ಸಿದ್ಧಪಡಿಸುವುದು ಅವರ ಕೆಲಸ. ಶಾಸನಸಭೆ ಬಜೆಟ್ಟಿಗೆ ಒಪ್ಪಿಗೆ ಕೊಡುತ್ತದೆ. ರಾಜ್ಯದ ಬೊಕ್ಕಸಕ್ಕೆ ಬಂದ ಹಣವನ್ನು ಬ್ಯಾಂಕುಗಳಲ್ಲಿಟ್ಟು ಕಾಯುವುದು, ತಕ್ಷಣಕ್ಕೆ ಬೇಡದ ಹಣವನ್ನು ಸುರಕ್ಷಿತವಾಗಿ ಹೂಡಿ ಬಡ್ಡಿ ಗಳಿಸುವುದು, ಅನೇಕ ಕಡೆ ರಾಜ್ಯದ ಪರವಾಗಿ ಬಾಂಡ್ ಮಾರಿ ಸಾಲ ಎತ್ತುವುದು, ಸರ್ಕಾರಿ ನೌಕರರ ಪಿಂಚಣಿ ನಿಧಿಯ ಮಂಡಳಿಯಲ್ಲಿ ಕುಳಿತು ತೀರ್ಮಾನಿಸುವುದು ಖಜಾಂಚಿಯ ಪಾಲಿಗೆ ಬರುತ್ತವೆ. ಮಕ್ಕಳ ಕಾಲೇಜು ಖರ್ಚಿಗೆಂದು ಪೋಷಕರು ಕೂಡಿಡುವ ತೆರಿಗೆ ವಿನಾಯಿತಿಯ ಖಾತೆಗಳನ್ನು ನಡೆಸುವುದೂ ಹಲವು ರಾಜ್ಯಗಳಲ್ಲಿ ಇದೇ ಕಚೇರಿ. ಆದರೆ ಐವತ್ತು ರಾಜ್ಯಗಳಲ್ಲಿ ಐವತ್ತು ಬಗೆ. ಕ್ಯಾಲಿಫೋರ್ನಿಯಾದ ಖಜಾಂಚಿ ಬಾಂಡ್ ಮಾರುಕಟ್ಟೆಯಲ್ಲಿ ದೊಡ್ಡ ಹೆಸರು. ಮ್ಯಾಸಚೂಸೆಟ್ಸ್‌ನ ಖಜಾಂಚಿಯ ಕೈಕೆಳಗೆ ರಾಜ್ಯದ ಲಾಟರಿಯೂ ಇದೆ. ಕನೆಕ್ಟಿಕಟ್‌ನಲ್ಲಿ ಪಿಂಚಣಿ ನಿಧಿಯ ಹೂಡಿಕೆಯ ಹೊಣೆ ಮಂಡಳಿಯದಲ್ಲ, ಖಜಾಂಚಿಯೊಬ್ಬರದೇ. ನಿಮ್ಮ ಮಗಳು ಮತ ಹಾಕಲಿರುವ ವಿಸ್ಕಾನ್ಸಿನ್‌ನಲ್ಲಿ ಈ ಹುದ್ದೆಗೆ ಉಳಿದಿರುವ ಕೆಲಸ ಬಹಳ ಕಡಿಮೆ. ಅದರ ಕಥೆಗೆ ಆಮೇಲೆ ಬರುತ್ತೇನೆ.

ಎಲ್ಲ ಕಡೆಯೂ ಜನರೇ ಆರಿಸುತ್ತಾರೆ ಎಂದಲ್ಲ. ಮೂರನೇ ಎರಡರಷ್ಟಕ್ಕೂ ಹೆಚ್ಚು ರಾಜ್ಯಗಳಲ್ಲಿ ನೇರ ಚುನಾವಣೆ ನಡೆಯುತ್ತದೆ. ಮೇರಿಲ್ಯಾಂಡ್, ಮೇನ್, ನ್ಯೂ ಹ್ಯಾಂಪ್‌ಶೈರ್ ಮತ್ತು ಟೆನೆಸೀ ರಾಜ್ಯಗಳಲ್ಲಿ ಶಾಸಕರು ಆರಿಸುತ್ತಾರೆ. ಮಿಶಿಗನ್, ನ್ಯೂ ಜರ್ಸಿ, ವರ್ಜೀನಿಯಾಗಳಲ್ಲಿ ಗವರ್ನರ್ ನೇಮಿಸುತ್ತಾರೆ.

ಜನರೇ ಆರಿಸಬೇಕೆಂಬ ಹಟ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. 1830ರ ದಶಕದಲ್ಲಿ ಅಲ್ಲಿನ ರಾಜ್ಯಗಳು ಕಾಲುವೆ, ರೈಲು, ಬ್ಯಾಂಕುಗಳಿಗಾಗಿ ಮಿತಿಮೀರಿ ಸಾಲ ಮಾಡಿದವು. 1837ರಲ್ಲಿ ಮಾರುಕಟ್ಟೆ ಕುಸಿಯಿತು. 1840ರ ದಶಕದ ಆರಂಭಕ್ಕೆ ಪೆನ್ಸಿಲ್ವೇನಿಯಾ, ಇಲಿನಾಯ್, ಇಂಡಿಯಾನಾ, ಮಿಸಿಸಿಪಿ ಸೇರಿದಂತೆ ಎಂಟು ರಾಜ್ಯಗಳು ಸಾಲದ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿದವು. ಶಾಸಕರೂ ಅವರು ಕೂರಿಸಿದ ಅಧಿಕಾರಿಗಳೂ ಸೇರಿ ತಮ್ಮನ್ನು ಮುಳುಗಿಸಿದರು ಎಂದು ಜನ ಸಿಟ್ಟಿಗೆದ್ದರು. ಆ ಸಿಟ್ಟು ಹೊಸ ಸಂವಿಧಾನಗಳಲ್ಲಿ ಇಳಿಯಿತು. ನ್ಯೂಯಾರ್ಕ್ 1846ರ ಸಂವಿಧಾನದಲ್ಲಿ ಖಜಾಂಚಿಯ ಆಯ್ಕೆಯನ್ನು ಮತದಾರರ ಕೈಗೆ ಕೊಟ್ಟಿತು. 1848ರಲ್ಲಿ ರಾಜ್ಯವಾದ ವಿಸ್ಕಾನ್ಸಿನ್ ಹುಟ್ಟುವಾಗಲೇ ಚುನಾಯಿತ ಖಜಾಂಚಿಯನ್ನು ಇಟ್ಟುಕೊಂಡಿತು.

ಈಗ ನಿಮ್ಮ ಅನುಮಾನಕ್ಕೆ ಬರುತ್ತೇನೆ. ಮತ ಕೇಳುವವನ ಕೈಗೆ ಖಜಾನೆಯ ಬೀಗದ ಕೈ ಕೊಡುವುದು ಅಪಾಯವಲ್ಲವೇ ಎನ್ನುತ್ತೀರಿ. ಅಪಾಯವೇ. ಕೆಂಟಕಿ ರಾಜ್ಯದ ಜೇಮ್ಸ್ ಟೇಟ್ ಎಂಬುವನ ಕಥೆ ಓದಿದರೆ ನಿಮ್ಮ ವಾದಕ್ಕೆ ಇನ್ನೂ ಬಲ ಬರುತ್ತದೆ. 1867ರಿಂದ ಇಪ್ಪತ್ತು ವರ್ಷ ಆತ ಮತ್ತೆ ಮತ್ತೆ ಖಜಾಂಚಿಯಾಗಿ ಗೆದ್ದ. ಊರೆಲ್ಲ ಅವನನ್ನು ‘ಪ್ರಾಮಾಣಿಕ ಡಿಕ್’ ಎಂದು ಕರೆಯುತ್ತಿತ್ತು. ಆ ಹೆಸರೇ ಅವನಿಗೆ ರಕ್ಷಣೆಯಾಯಿತು. ಲೆಕ್ಕ ತೋರಿಸು ಎಂದು ಗಟ್ಟಿಯಾಗಿ ಕೇಳಿದವರಿಲ್ಲ. 1888ರ ಮಾರ್ಚ್‌ನಲ್ಲಿ ಚಿನ್ನ, ಬೆಳ್ಳಿಯ ನಾಣ್ಯಗಳನ್ನು ಚೀಲಗಳಿಗೆ ತುಂಬಿಕೊಂಡು ರೈಲು ಹತ್ತಿದವನು ಮತ್ತೆ ಯಾರ ಕೈಗೂ ಸಿಗಲಿಲ್ಲ. ಕೊರತೆ ಬಿದ್ದದ್ದು ಸುಮಾರು 2,47,000 ಡಾಲರ್. ಪೆಟ್ಟಿಗೆಯಲ್ಲಿ ಉಳಿದಿದ್ದು ರಾಜಕಾರಣಿಗಳು ಬರೆದುಕೊಟ್ಟ ಸಾಲದ ಚೀಟಿಗಳು. ಕಳ್ಳತನಕ್ಕಿಂತ ನನ್ನನ್ನು ಕಲಕುವುದು ಆ ಚೀಟಿಗಳು. ಲೆಕ್ಕ ಕೇಳಬೇಕಾದವರೇ ಅವನ ಸಾಲಗಾರರಾಗಿದ್ದರು! 1891ರಲ್ಲಿ ಕೆಂಟಕಿ ಹೊಸ ಸಂವಿಧಾನ ಬರೆದಾಗ, ರಾಜ್ಯಮಟ್ಟದ ಚುನಾಯಿತ ಅಧಿಕಾರಿ ಸತತ ಎರಡನೇ ಅವಧಿಗೆ ನಿಲ್ಲುವಂತಿಲ್ಲ ಎಂದು ಕಟ್ಟುಮಾಡಿತು. ಆ ನಿರ್ಬಂಧ ಸಡಿಲವಾದದ್ದು ನೂರು ವರ್ಷ ಕಳೆದು, 1992ರಲ್ಲಿ.

ಕಳ್ಳತನವಿಲ್ಲದೆಯೂ ಖಜಾನೆ ಬರಿದಾಗಬಹುದು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯದು ರಾಜ್ಯದ ಮಟ್ಟದ ಪ್ರಕರಣವಲ್ಲ, ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಆಡಳಿತದ್ದು. ಆದರೂ ಚುನಾಯಿತ ಖಜಾಂಚಿಯ ಬಗ್ಗೆ ಯೋಚಿಸುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಲ್ಲಿ ರಾಬರ್ಟ್ ಸಿಟ್ರನ್ ದಶಕಗಳ ಕಾಲ ಗೆಲ್ಲುತ್ತಾ ಬಂದಿದ್ದರು. ಬೇರೆ ಕೌಂಟಿಗಳಿಗಿಂತ ಹೆಚ್ಚು ಬಡ್ಡಿ ತರುತ್ತಿದ್ದರಿಂದ ಎಲ್ಲರಿಗೂ ಅಚ್ಚುಮೆಚ್ಚು. ಸುಮಾರು 7.5 ಶತಕೋಟಿ ಡಾಲರ್ ನಿಧಿಯನ್ನು ಅಡವಿಟ್ಟು ಸಾಲ ತಂದು, 20 ಶತಕೋಟಿಯಷ್ಟು ಹೂಡಿದ್ದರು. ಬಡ್ಡಿದರ ಏರುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದ್ದ ಹೂಡಿಕೆ ಅದು. 1994ರ ಫೆಬ್ರವರಿಯಿಂದ ಅಮೆರಿಕದ ಕೇಂದ್ರ ಬ್ಯಾಂಕ್ ದರ ಏರಿಸತೊಡಗಿತು. ಅದೇ ವರ್ಷ ಜೂನ್‌ನಲ್ಲಿ ಚುನಾವಣೆ. ಎದುರಾಳಿ ಜಾನ್ ಮೂರ್ಲಾಕ್ ಲೆಕ್ಕಪರಿಶೋಧಕರು. ಈ ಹೂಡಿಕೆ ಮುಳುಗುತ್ತದೆ ಎಂದು ಪ್ರಚಾರದಲ್ಲೇ ಎಚ್ಚರಿಸಿದರು. ಮತದಾರರು ಸಿಟ್ರನ್ ಅವರನ್ನೇ ಗೆಲ್ಲಿಸಿದರು. ಡಿಸೆಂಬರ್ 6ರಂದು ಕೌಂಟಿ ದಿವಾಳಿ ಅರ್ಜಿ ಹಾಕಿತು. ನಷ್ಟ 1.6 ಶತಕೋಟಿ ಡಾಲರಿಗೂ ಹೆಚ್ಚು. ಮರುವರ್ಷ ಅದೇ ಮೂರ್ಲಾಕ್ ಅವರನ್ನು ಕರೆದು ಖಜಾಂಚಿಯಾಗಿ ನೇಮಿಸಬೇಕಾಯಿತು.

ಇದನ್ನು ಓದಿ ‘ನೋಡಿ, ಜನರಿಗೆ ಹೂಡಿಕೆ ತಿಳಿಯುವುದಿಲ್ಲ’ ಎಂದು ನೀವು ಹೇಳಬಹುದು. ನಾನು ಇನ್ನೊಂದು ಮುಖವನ್ನೂ ನೋಡುತ್ತೇನೆ. ಆ ಎಚ್ಚರಿಕೆ ಬಹಿರಂಗವಾಗಿ ಬಂದದ್ದೇ ಚುನಾವಣೆಯ ಕಣದಲ್ಲಿ. ಸಿಟ್ರನ್ ನೇಮಕಗೊಂಡ ಅಧಿಕಾರಿಯಾಗಿದ್ದರೆ, ಅವರ ಪುಸ್ತಕಗಳನ್ನು ಹಿಡಿದು ಬೀದಿಯಲ್ಲಿ ನಿಂತು ಪ್ರಶ್ನಿಸುವ ಅವಕಾಶ ಒಬ್ಬ ಹೊರಗಿನ ಲೆಕ್ಕಿಗನಿಗೆ ಎಲ್ಲಿತ್ತು? ಜನ ಕೇಳಲಿಲ್ಲ, ನಿಜ. ಕೇಳಬಹುದಾಗಿತ್ತು.

ಚುನಾವಣೆಯೊಂದರಿಂದಲೇ ಹಣ ಉಳಿಯುವುದಿಲ್ಲ ಎಂಬುದಂತೂ ಈ ಎರಡೂ ಪ್ರಕರಣಗಳಿಂದ ಸ್ಪಷ್ಟ. ಉಳಿಸುವುದು ಅಧಿಕಾರದ ಹಂಚಿಕೆ. ನಿಮ್ಮ ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗ, ಎರಡು ಕೀಲಿಕೈ, ಇಬ್ಬರು ಅಧಿಕಾರಿಗಳು ಇರುತ್ತಿದ್ದರಲ್ಲ, ಅದೇ ತತ್ವ. ಇಲಿನಾಯ್ ರಾಜ್ಯ ಇದನ್ನು ಪೆಟ್ಟು ತಿಂದು ಕಲಿಯಿತು. 1956ರಲ್ಲಿ ಅಲ್ಲಿನ ಚುನಾಯಿತ ಲೆಕ್ಕಾಧಿಕಾರಿ ಆರ್ವಿಲ್ ಹಾಜ್ ಹದಿನೈದು ಲಕ್ಷ ಡಾಲರಿಗೂ ಹೆಚ್ಚು ನುಂಗಿ ಸಿಕ್ಕಿಬಿದ್ದ. ಪಾವತಿಯ ಚೀಟಿ ಹೊರಡಿಸುವುದೂ ಅವನ ಕಚೇರಿ, ಲೆಕ್ಕ ಪರಿಶೋಧಿಸುವುದೂ ಅವನ ಕಚೇರಿ. 1970ರ ಸಂವಿಧಾನ ಆ ಹುದ್ದೆಯನ್ನೇ ತೆಗೆದುಹಾಕಿತು. ಈಗ ಅಲ್ಲಿ ಹಣ ಇಟ್ಟುಕೊಳ್ಳುವ ಖಜಾಂಚಿ ಬೇರೆ, ಪಾವತಿಗೆ ಸಹಿ ಹಾಕುವ ಕಂಟ್ರೋಲರ್ ಬೇರೆ, ಲೆಕ್ಕ ತಪಾಸಣೆ ಮಾಡುವವರು ಬೇರೆ. ಮೊದಲ ಇಬ್ಬರನ್ನೂ ಜನ ಪ್ರತ್ಯೇಕವಾಗಿ ಆರಿಸುತ್ತಾರೆ. ಇಬ್ಬರನ್ನು ಒಂದುಗೂಡಿಸಿದರೆ ಖರ್ಚು ಉಳಿಯುತ್ತದೆ ಎಂಬ ಸಲಹೆ ಅಲ್ಲಿ ಆಗಾಗ ಏಳುತ್ತದೆ. ನನಗೆ ಅದು ಹಿಡಿಸುವುದಿಲ್ಲ.

ಟೆಕ್ಸಾಸ್ ಬೇರೆ ದಾರಿ ಹಿಡಿಯಿತು. ನನ್ನ ಹುದ್ದೆ ಬೇಡವೇ ಬೇಡ, ರದ್ದು ಮಾಡಿ ಎಂದು ಪ್ರಚಾರ ಮಾಡಿ ಗೆದ್ದ ಮಾರ್ಥಾ ವೈಟ್‌ಹೆಡ್ ಅಲ್ಲಿನ ಕೊನೆಯ ಖಜಾಂಚಿ. 1995ರಲ್ಲಿ ಮತದಾರರು ಒಪ್ಪಿದರು. ಮರುವರ್ಷ ಕೆಲಸವೆಲ್ಲ ಕಂಟ್ರೋಲರ್ ಕಚೇರಿಗೆ ಹೋಯಿತು. ಅವರು ಕೊಟ್ಟ ಮಾತಿಗೆ ನಡೆದುಕೊಂಡದ್ದು ದೊಡ್ಡದು. ಆದರೆ ಫಲವೇನು? ಇಂದು ಟೆಕ್ಸಾಸ್‌ನಲ್ಲಿ ತೆರಿಗೆ ವಸೂಲಿ, ವರಮಾನದ ಅಂದಾಜು, ಹಣದ ಕಾವಲು, ಪಾವತಿ ಎಲ್ಲವೂ ಒಂದೇ ಕಚೇರಿಯಲ್ಲಿ. ಖರ್ಚು ಉಳಿದಿರಬಹುದು, ಎರಡನೇ ಕೀಲಿಕೈ ಹೋಯಿತು. ಮಿನಸೋಟಾ ಕೂಡ 1998ರಲ್ಲಿ ಮತ ಹಾಕಿ, 2003ರಲ್ಲಿ ಈ ಹುದ್ದೆಯನ್ನು ಮುಚ್ಚಿತು.

ಇನ್ನು ಮಗಳ ರಾಜ್ಯದ ವಿಷಯ. ವಿಸ್ಕಾನ್ಸಿನ್‌ನಲ್ಲಿ ಖಜಾಂಚಿಯ ಕೆಲಸಗಳನ್ನು ಒಂದೊಂದಾಗಿ ಕಿತ್ತು ಗವರ್ನರ್ ಅಧೀನದ ಇಲಾಖೆಗಳಿಗೆ ಕೊಡಲಾಯಿತು. ವಾರಸುದಾರರಿಲ್ಲದ ಹಣದ ಜವಾಬ್ದಾರಿಯೂ 2013ರಲ್ಲಿ ತೆರಿಗೆ ಇಲಾಖೆಗೆ ಹೋಯಿತು. ಕೆಲಸ ಕಿತ್ತುಕೊಂಡವರೇ ಬಳಿಕ ‘ಈ ಹುದ್ದೆಗೆ ಕೆಲಸವೇ ಇಲ್ಲ’ ಎಂದರು. 2018ರ ಏಪ್ರಿಲ್ 3ರಂದು ಹುದ್ದೆ ರದ್ದು ಮಾಡಬೇಕೇ ಎಂದು ಜನರನ್ನು ಕೇಳಲಾಯಿತು. ಆಗ ಖಜಾಂಚಿಯಾಗಿದ್ದ ಮ್ಯಾಟ್ ಆಡಂಚಿಕ್ ಅವರೂ ರದ್ದತಿಯ ಪರ. ಶೇಕಡ 60ಕ್ಕೂ ಹೆಚ್ಚು ಮತದಾರರು ಬೇಡವೆಂದರು.

ಅವರು ಉಳಿಸಿಕೊಂಡದ್ದು ಏನನ್ನು? ಸಾರ್ವಜನಿಕ ಜಮೀನು ಮಂಡಳಿ ಎಂಬುದೊಂದಿದೆ. ಅದರಲ್ಲಿ ಮೂವರೇ ಸದಸ್ಯರು: ಖಜಾಂಚಿ, ರಾಜ್ಯ ಕಾರ್ಯದರ್ಶಿ, ಅಟಾರ್ನಿ ಜನರಲ್. ಮೂವರೂ ಜನರಿಂದ ಬೇರೆಬೇರೆಯಾಗಿ ಆಯ್ಕೆಯಾದವರು. ರಾಜ್ಯ ಹುಟ್ಟುವಾಗ ಶಾಲೆಗಳಿಗೆಂದು ಒಕ್ಕೂಟ ಸರ್ಕಾರ ಬಿಟ್ಟುಕೊಟ್ಟ ಜಮೀನಿನ ಹಣ, ನ್ಯಾಯಾಲಯಗಳು ವಿಧಿಸುವ ದಂಡದ ಹಣ ಸೇರಿ ಬೆಳೆದ ಶಾಲಾ ನಿಧಿ ಈ ಮಂಡಳಿಯ ಕೈಯಲ್ಲಿದೆ. ಇಂದು ಅದು ಒಂದು ಶತಕೋಟಿ ಡಾಲರ್ ದಾಟಿದೆ. ಅಸಲು ಮುಟ್ಟುವಂತಿಲ್ಲ. ನಿಧಿಯಿಂದ ಊರಾಡಳಿತಗಳಿಗೂ ಶಾಲಾ ಜಿಲ್ಲೆಗಳಿಗೂ ಸಾಲ ಕೊಡುತ್ತಾರೆ. ಬಂದ ಆದಾಯ ಸರ್ಕಾರಿ ಶಾಲೆಗಳ ಗ್ರಂಥಾಲಯಗಳಿಗೆ ಹೋಗುತ್ತದೆ. ಮಕ್ಕಳ ಕೈಗೆ ಪುಸ್ತಕ ಬರುವುದು ಹೀಗೆ. ರದ್ದತಿಯ ಪ್ರಸ್ತಾವ ಮಂಡಳಿಯಲ್ಲಿ ಖಜಾಂಚಿಯ ಕುರ್ಚಿಯನ್ನು ಯಾರಿಗೆ ಕೊಡಲಿತ್ತು ಗೊತ್ತೇ? ಲೆಫ್ಟಿನೆಂಟ್ ಗವರ್ನರ್‌ಗೆ, ಅಂದರೆ ಉಪ ಗವರ್ನರ್‌ಗೆ. ನವೆಂಬರ್ ಚುನಾವಣೆಯಲ್ಲಿ ಗವರ್ನರ್ ಜೊತೆಗೇ ಒಂದೇ ಮತದಲ್ಲಿ ಆಯ್ಕೆಯಾಗುವ ಜೋಡಿ ಅದು. ಸ್ವತಂತ್ರವಾಗಿದ್ದ ಒಂದು ಮತ ಗವರ್ನರ್ ಪಾಳಯಕ್ಕೆ ಸೇರಿಹೋಗುತ್ತಿತ್ತು. ವಿಸ್ಕಾನ್ಸಿನ್ ಜನ ಮಾಡಿದ್ದು ಸರಿ ಎಂದು ನಾನು ಒತ್ತಿ ಹೇಳುತ್ತೇನೆ. ಹುದ್ದೆ ಉಳಿಸುವ ಚಳವಳಿಯ ಮುಂಚೂಣಿಯಲ್ಲಿದ್ದ ಸಾರಾ ಗೊಡ್ಲೆವ್‌ಸ್ಕಿ ಅದೇ ವರ್ಷ ಖಜಾಂಚಿಯಾಗಿ ಗೆದ್ದರು; 2022ರಲ್ಲಿ ಅಲ್ಪ ಅಂತರದಿಂದ ರಿಪಬ್ಲಿಕನ್ ಪಕ್ಷದ ಜಾನ್ ಲೈಬರ್ ಗೆದ್ದರು.

ನಿಮ್ಮ ಮಗಳಿಗೆ ಇಷ್ಟು ತಿಳಿಸಿ: ಅಭ್ಯರ್ಥಿಯ ಪಕ್ಷವನ್ನು ಮಾತ್ರ ನೋಡಬೇಡ. ಮಂಡಳಿಯ ನಿಧಿಯನ್ನು ಎಲ್ಲಿ ಹೂಡಬೇಕೆನ್ನುತ್ತಾರೆ, ಶಾಲೆಗಳಿಗೆ ಹೋಗುವ ಆದಾಯದ ಬಗ್ಗೆ ಏನು ಹೇಳುತ್ತಾರೆ, ಪ್ರಚಾರಕ್ಕೆ ಹಣ ಕೊಟ್ಟವರು ಯಾರು ಎಂದು ವಿಚಾರಿಸು. ಕೊನೆಯದು ಸಣ್ಣ ವಿಷಯವಲ್ಲ. ಕನೆಕ್ಟಿಕಟ್‌ನ ಖಜಾಂಚಿಯಾಗಿದ್ದ ಪಾಲ್ ಸಿಲ್ವೆಸ್ಟರ್ ಪಿಂಚಣಿ ನಿಧಿಯ ಹೂಡಿಕೆಗೆ ಪ್ರತಿಯಾಗಿ ಲಂಚ ಪಡೆದದ್ದನ್ನು 1999ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಹೂಡಿಕೆ ಸಂಸ್ಥೆಯವರು ಇಂಥ ಅಧಿಕಾರಿಯ ಪ್ರಚಾರಕ್ಕೆ ಅಲ್ಪ ಮೊತ್ತದ ಮಿತಿ ಮೀರಿ ದೇಣಿಗೆ ಕೊಟ್ಟರೆ, ಆ ಸರ್ಕಾರದ ಹಣ ನಿರ್ವಹಿಸಿ ಎರಡು ವರ್ಷ ಶುಲ್ಕ ಪಡೆಯುವಂತಿಲ್ಲ ಎಂಬ ನಿಯಮವನ್ನು ಅಮೆರಿಕದ ಷೇರುಪೇಟೆ ನಿಯಂತ್ರಕ ಆಯೋಗ 2010ರಲ್ಲಿ ತಂದಿತು.

ಕರ್ನಾಟಕದಲ್ಲಿಯೂ ಬೇಕು ಎನ್ನುವ ಅಳಿಯಂದಿರ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿ ನಿಮ್ಮ ಪಕ್ಷ. ನಮ್ಮ ಸಂವಿಧಾನ ಎರಡನೇ ಕೀಲಿಕೈಯನ್ನು ಬೇರೆಡೆ ಇಟ್ಟಿದೆ. ರಾಜ್ಯದ ಹಣ ಸಂಚಿತ ನಿಧಿಗೆ ಸೇರಬೇಕು. ಶಾಸನಸಭೆಯ ಒಪ್ಪಿಗೆಯಿಲ್ಲದೆ ಹೊರಬರುವಂತಿಲ್ಲ. ರಿಸರ್ವ್ ಬ್ಯಾಂಕ್ ರಾಜ್ಯದ ಬ್ಯಾಂಕರ್. ರಾಜ್ಯದ ಸಾಲಪತ್ರಗಳನ್ನು ಹರಾಜು ಹಾಕುವುದೂ ಅದೇ. ಪರಿಶೋಧನೆ ಸಿಎಜಿಯದು, ಅವರನ್ನು ಮುಖ್ಯಮಂತ್ರಿ ಮುಟ್ಟುವಂತಿಲ್ಲ, ಪದಚ್ಯುತಗೊಳಿಸಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೆ ಅನ್ವಯಿಸುವ ವಿಧಾನವೇ ಬೇಕು. ಹಣಕಾಸು ಖಾತೆಯನ್ನು ಮುಖ್ಯಮಂತ್ರಿಗಳೇ ಇಟ್ಟುಕೊಳ್ಳುವುದು ನಮ್ಮಲ್ಲಿ ಸಾಮಾನ್ಯವಾಗಿರುವಾಗ ಈ ಸ್ವಾತಂತ್ರ್ಯ ಬಹಳ ಬೆಲೆಯುಳ್ಳದ್ದು. ನಮ್ಮ ಕೊರತೆ ಚುನಾವಣೆಯದಲ್ಲ, ಓದಿನದು. ಸಿಎಜಿ ವರದಿ ಸದನದಲ್ಲಿ ಮಂಡನೆಯಾದ ದಿನ ಒಂದು ಸುದ್ದಿಯಾಗುತ್ತದೆ, ಮರುದಿನ ಮರೆತುಹೋಗುತ್ತದೆ. ಈ ತಪ್ಪಿನಲ್ಲಿ ಪತ್ರಿಕೆಗಳ ಪಾಲು ದೊಡ್ಡದು. ನಿಮ್ಮಂಥ ನಿವೃತ್ತ ಖಜಾನೆ ನೌಕರರು ತಮ್ಮ ಜಿಲ್ಲೆಗೆ ಸಂಬಂಧಿಸಿದ ಪುಟಗಳನ್ನು ಓದಿ ನಮಗೆ ಬರೆದರೆ ಅದಕ್ಕೆ ಜಾಗ ಕೊಡುತ್ತೇವೆ.

ಕೊನೆಗೆ, ಶಿಕಾಗೋದ ಮುಂಗಡದ ಹಣ. ಫೋನ್ ಮಾಡಿದವರಿಗೆ ಒಂದು ಡಾಲರನ್ನೂ ಕೊಡಬೇಡಿ. ಬ್ಯಾಂಕ್ ಖಾತೆಯ ವಿವರವನ್ನೂ ಹೇಳಬೇಡಿ. ಮರೆತುಹೋದ ಬ್ಯಾಂಕ್ ಖಾತೆ, ನಗದಾಗದ ಸಂಬಳದ ಚೆಕ್, ಹಿಂದಿರುಗಿಸದ ಮುಂಗಡ ಇಂಥವು ಕೆಲವು ವರ್ಷ ಯಾರೂ ಕೇಳದಿದ್ದರೆ ರಾಜ್ಯದ ವಶಕ್ಕೆ ಹೋಗುತ್ತವೆ ಎಂಬುದು ನಿಜ. ಶಿಕಾಗೋ ಇರುವ ಇಲಿನಾಯ್‌ನಲ್ಲಿ ಅದನ್ನು ನೋಡಿಕೊಳ್ಳುವುದು ಖಜಾಂಚಿಯ ಕಚೇರಿಯೇ. ‘ಐ-ಕ್ಯಾಶ್’ ಎಂಬ ಹೆಸರಿನಲ್ಲಿ ಅವರದೇ ಜಾಲತಾಣವಿದೆ. ಅಳಿಯಂದಿರು ತಮ್ಮ ಹೆಸರನ್ನು ಅಲ್ಲಿ ತಾವೇ ಹುಡುಕಲಿ. ಹುಡುಕುವುದಕ್ಕೂ ಹಣ ಪಡೆಯುವುದಕ್ಕೂ ಶುಲ್ಕವಿಲ್ಲ. ಹೆಸರು ಸಿಕ್ಕರೆ ಗುರುತಿನ ದಾಖಲೆ ಮತ್ತು ಶಿಕಾಗೋದ ಹಳೆಯ ವಿಳಾಸದ ಪುರಾವೆ ಕೇಳುತ್ತಾರೆ, ಆದ್ದರಿಂದ ಬಾಡಿಗೆ ಕರಾರು ಇನ್ನೂ ಇದ್ದರೆ ಜೋಪಾನವಾಗಿಡಲಿ. ಬೇರೆ ರಾಜ್ಯಗಳಲ್ಲಿ ವಾಸವಾಗಿದ್ದು ಊರಿಗೆ ಮರಳಿದ ಓದುಗರೂ ಹೀಗೆ ಹುಡುಕಬಹುದು; ಆದರೆ ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸ ಕಂಟ್ರೋಲರ್‌ದು, ವಿಸ್ಕಾನ್ಸಿನ್‌ನಲ್ಲಿ ತೆರಿಗೆ ಇಲಾಖೆಯದು.

– ಸಂಪಾದಕ